ಹೊಡೆದುಹಾಕಿದ ಸಾಲು

ಅಪ್ಪ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದಾಗ ಅವಳಿಗೆ ಅದನ್ನು ಕಿತ್ತುಕೊಳ್ಳಬೇಕೆನ್ನಿಸಿತು. ಆದರೆ ಕೈಯಲ್ಲಿ ಊಟದ ಡಬ್ಬಿಯ ಮುಚ್ಚಳವಿತ್ತು, ಅದು ಕೂರುತ್ತಿರಲಿಲ್ಲ, ಮುಚ್ಚಳ ಕೂರಿಸುವುದಕ್ಕಿಂತ ದೊಡ್ಡ ಕೆಲಸ ಲೋಕದಲ್ಲಿಲ್ಲ ಎನ್ನುವವಳಂತೆ ಬಗ್ಗಿ ನಿಂತಳು. ಎರಡು ಕಾಲೇಜುಗಳ ವಿದ್ಯಾರ್ಥಿ ತಂಡಗಳು ಸೇರಿ ಶಾಲೆಯ ಮಕ್ಕಳಿಗೆಂದು ಸಿದ್ಧಪಡಿಸಿದ ಕೈಪಿಡಿಯ ಮುಖಪುಟ ಅದು. ಈ ದಿನ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಜೀವಕೋಶದೊಳಗಿನ ಬರಹವನ್ನು ತಿದ್ದಿ ಬ್ಯಾಕ್ಟೀರಿಯಾಕ್ಕೆ ಹೊಸ ಕೆಲಸ ಕಲಿಸುವುದು ಹೇಗೆ, ಅದರಿಂದ ಏನಾದೀತು, ಏನಾಗಬಾರದು ಎಂದು ಹದಿಮೂರು ವರ್ಷದವರಿಗೆ ತಿಳಿಯುವಂತೆ ಹೇಳುವ ಮೂವತ್ತೆರಡು ಪುಟಗಳು. ಮುಖಪುಟದಲ್ಲಿ ಒಂದು ದುಂಡು ಪ್ಲೇಟಿನ ಫೋಟೋ, ಅದರ ನಡುವೆ ಕಡುಗೆಂಪು ಎಲೆ. ಬಣ್ಣ ಕೊಡುವ ಬ್ಯಾಕ್ಟೀರಿಯಾವನ್ನು ಎಲೆಯ ಆಕಾರಕ್ಕೆ ಎಳೆದು ಬೆಳೆಸಿದ್ದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅಪ್ಪ ಸಣ್ಣ ಅಕ್ಷರ ಓದುವವನಲ್ಲ. ದೊಡ್ಡ ಅಕ್ಷರ ಅವನ ಕಸುಬು. ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು, ಬೋರ್ಡುಗಳೆಲ್ಲ ಯಂತ್ರದಿಂದ ಬರತೊಡಗಿದ ಮೇಲೆ ಮನೆಯ ಮುಂದಿನ ಶೆಡ್ಡಿನಲ್ಲಿ ಕೂತು ಗಾಡಿಗಳ ನಂಬರು ಬರೆಯುತ್ತಾನೆ.

“ಇದು ನೀನೇ ಬರೆದಿದ್ದಲ್ವಾ?” ಅಂದ.

ಮುಚ್ಚಳ ಟಕ್ಕೆಂದು ಕೂತಿತು.

“ಇಲ್ಲಿ ನೋಡು, ತೊಟ್ಟಿನ ಹತ್ರ ಕೈ ಹಗುರ ಮಾಡಿ ಎತ್ತಿದ್ದೀಯ. ನನ್ನ ನಂಬರ್ ಎರಡು ಬ್ರಷ್ಷು. ಎಲ್ಲಿ ಹೋಯ್ತು ಅಂತ ಮೂರು ತಿಂಗಳಿಂದ ನಿಮ್ಮಮ್ಮನ ಮೇಲೆ ಹರಿಹಾಯ್ತಾ ಇದ್ದೆ, ಪಾಪ.”

“ಈಗ ಹೇಳಿ ಪಾಪ ಅಂತ,” ಒಳಗಿನಿಂದ ಅಮ್ಮ ಅಂದಳು. “ಮೂರು ತಿಂಗಳು ಕಳ್ಳಿ ಅನ್ನಿಸಿಕೊಂಡವಳು ನಾನು.”

ಅಪ್ಪ ನಕ್ಕ. “ಬಣ್ಣ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಎಲ್ರಿಗೂ ಬರಲ್ಲ ಮಗಳೆ. ಹೇಳಿಕೊಟ್ಟು ಬರೋದಲ್ಲ ಅದು.”

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎದುರು ಆಡಬಹುದಾಗಿತ್ತು, ರೇಗಬಹುದಾಗಿತ್ತು. ಆ ಎಲೆ ಬರೆದದ್ದಲ್ಲ, ಬೆಳೆದದ್ದು ಎಂದು ಲೋಕ ನಂಬಬೇಕು ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಮಗಳ ಚಿತ್ರ ಪುಸ್ತಕದ ಮೇಲೆ ಬರುತ್ತಿದೆ ಎಂಬ ಒಂದೇ ಸಂತೋಷದಿಂದ ಹಾಳೆಯನ್ನು ಸುಕ್ಕಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅವಳು ಹೂಂ ಅಂದಳು. ಒಂದು ಹೂಂ ಎಷ್ಟು ಸಲೀಸಾಗಿ ಬಾಯಿಂದ ಜಾರುತ್ತದೆ ಎಂದು ಬಸ್ಸಿನವರೆಗೂ ಯೋಚಿಸುತ್ತ ನಡೆದಳು. ಇಷ್ಟು ದಿನ ಅವಳನ್ನು ಕಾಪಾಡಿದ್ದು, ಯಾರೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ ಎಂಬ ಒಂದು ಧೈರ್ಯ. ನೋಡಿದವನು ಮೆಚ್ಚಿಕೊಂಡ. ಇನ್ನು ಮೆಚ್ಚದೆ ನೋಡುವವರು ಬರುತ್ತಾರೆ.

ಬಸ್ಸಿನಲ್ಲಿ ನಿಂತವಳ ಭುಜಕ್ಕೆ ಯಾರದೋ ಛತ್ರಿಯ ಹಿಡಿ ತಾಗುತ್ತಿತ್ತು. ಸರಿದು ನಿಲ್ಲಬಹುದಾಗಿತ್ತು, ನಿಲ್ಲಲಿಲ್ಲ. ಅವತ್ತೂ ಇದೇ ಬಸ್ಸು, ಬೆಳಿಗ್ಗೆ ಆರೂಮುಕ್ಕಾಲು, ಚೀಲದೊಳಗೆ ಕರವಸ್ತ್ರದಲ್ಲಿ ಸುತ್ತಿದ ಬ್ರಷ್ಷು. ಅದನ್ನು ಎಷ್ಟೋ ಸಲ ತನಗೆ ತಾನೇ ಬೇರೆ ರೀತಿಯಲ್ಲಿ ಹೇಳಿಕೊಂಡಿದ್ದಳು: ಲ್ಯಾಬಿಗೆ ಹೋಗಿ ನೋಡಿದೆ, ಪ್ಲೇಟುಗಳು ಬೆಳ್ಳಗಿದ್ದವು, ಗಾಬರಿಯಾಯಿತು, ಕೈಗೆ ಸಿಕ್ಕಿದ್ದರಿಂದ ಬಳಿದುಬಿಟ್ಟೆ. ಆದರೆ ಬ್ರಷ್ಷು ಲ್ಯಾಬಿನಲ್ಲಿ ಸಿಕ್ಕಿದ್ದಲ್ಲ. ಪ್ಲೇಟು ಬೆಳ್ಳಗಿದ್ದದ್ದನ್ನು ಹಿಂದಿನ ಸಂಜೆಯೇ ನೋಡಿ, ಮನೆಗೆ ಬಂದು, ಊಟ ಮಾಡಿ, ನಿದ್ದೆ ಮಾಡಿ, ಎದ್ದು, ಶೆಡ್ಡಿಗೆ ಹೋಗಿ, ಮೂರು ಬ್ರಷ್ಷುಗಳಲ್ಲಿ ಸರಿಯಾದದ್ದನ್ನು ಆರಿಸಿಕೊಂಡು ಹೊರಟಿದ್ದಳು. ಗಾಬರಿಯಾದವರು ನಂಬರ್ ಎರಡನ್ನು ಆರಿಸುವುದಿಲ್ಲ. ತಿಂಡಿಗೆ ಹಾಕುವ ಕೆಂಪು ಬಣ್ಣವನ್ನು ಸಕ್ಕರೆ ಪಾಕಕ್ಕೆ ಬೆರೆಸಿ, ಎಲೆಯ ಆಕಾರದಲ್ಲಿ ಬೆಳೆದು ನಿಂತಿದ್ದ ಕೆನೆಬಣ್ಣದ ಚುಕ್ಕಿಗಳ ಮೇಲೆ ಒಂದೊಂದಾಗಿ ಬಿಟ್ಟಳು. ಅದನ್ನು ಮಾಡುವಾಗ ಖುಷಿಯೇ ಆಗಿತ್ತು. ಆಮೇಲೆ ಕೈ ತೊಳೆದು, ಲ್ಯಾಬಿನ ದಾಖಲೆ ಪುಸ್ತಕ ತೆಗೆದು, ಹೊಸ ಮಿಶ್ರಣದ ಪ್ಲೇಟು, ನಲವತ್ತೆಂಟು ಗಂಟೆ, ಕೆಂಪು, ಸ್ಪಷ್ಟ, ಎಂದು ಬರೆದಳು. ತಂಡದ ದಾಖಲೆ ಬರೆಯುವವಳೂ ಅವಳೇ, ಚಿತ್ರ ಬರೆಯುವವಳೂ ಅವಳೇ ಆದ್ದರಿಂದ ಹುಡುಗರು ಅವಳಿಗಿಟ್ಟ ಹೆಸರು ಚಿತ್ರಗುಪ್ತ. ಎಲ್ಲರ ಪಾಪಪುಣ್ಯ ಬರೆಯುವವನ ಪುಸ್ತಕವನ್ನು ಯಾರು ತೆಗೆದು ನೋಡುತ್ತಾರೆ?

ಕ್ಯಾಪ್ಟನ್ ನೋಡಿದ್ದ, ಪುಸ್ತಕವನ್ನಲ್ಲ, ಪ್ಲೇಟನ್ನು. ಅವನು ಅವಳ ತಂಡದ ನಾಯಕ, ಅವಳಿಗಿಂತ ಒಂದು ವರ್ಷ ದೊಡ್ಡವನು. ಎಂಟು ಗಂಟೆಗೆ ಬಂದು ಮುಚ್ಚಳ ತೆಗೆದು ಬಗ್ಗಿದ. ಬ್ಯಾಕ್ಟೀರಿಯಾ ಬೆಳೆದ ಪ್ಲೇಟಿಗೊಂದು ಹುಳಿ ಮುಗ್ಗಲು ವಾಸನೆ ಇರುತ್ತದೆ. ಇದರಲ್ಲಿ ಪಾಕದ ಸಿಹಿ ವಾಸನೆ. ಒಂದು ಕ್ಷಣ ಹಾಗೇ ಬಗ್ಗಿಕೊಂಡಿದ್ದವನು ನೆಟ್ಟಗೆ ನಿಂತು, ಅವಳ ಮುಖ ನೋಡದೆ, “ಸೂಪರ್. ಹತ್ತಕ್ಕೆ ಶಾಲೆ, ಹೊರಡೋಣ,” ಅಂದ. ಶಾಲೆಯಲ್ಲಿ ನಲವತ್ತು ಮಕ್ಕಳು ಸಾಲಾಗಿ ಬಂದು ಆ ಎಲೆಯನ್ನು ನೋಡಿ ಹೋದರು. ಕಡಲ ಹವಳದ ಒಂದು ಜೀನ್ ಇದರೊಳಗಿದೆ, ನಾವು ಕೊಡುವ ಒಂದು ಬಗೆಯ ಸಕ್ಕರೆ ಸ್ವಿಚ್ಚು ಒತ್ತಿದ ಹಾಗೆ ಅದನ್ನು ಎಬ್ಬಿಸುತ್ತದೆ, ಆಗ ಕೆಂಪಾಗುತ್ತದೆ ಎಂದು ಅವಳು ನಲವತ್ತು ಸಲ ಹೇಳಿದಳು. ಹೇಳಿದ್ದೆಲ್ಲ ನಿಜ, ತೋರಿಸಿದ್ದೊಂದು ಸುಳ್ಳು. ಎರಡನೇ ಬೆಂಚಿನ ಹುಡುಗಿಯೊಬ್ಬಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಸಾಲಿನಿಂದ ಸರಿಯಲೇ ಇಲ್ಲ. “ಅಕ್ಕ, ನಾನು ಮಾಡಿದ್ರೂ ಇಷ್ಟೇ ಕೆಂಪಾಗುತ್ತಾ?” ಎಂದು ಕೇಳಿದಳು. “ಖಂಡಿತ,” ಅಂದಳು ಇವಳು. ಸಾಮಾನ್ಯವಾಗಿ ಅವಳು ಖಂಡಿತ ಎನ್ನುವವಳಲ್ಲ. ಆಗಬಹುದು, ಮಾಡಿ ನೋಡಬೇಕು, ಅನ್ನುವುದು ಅಭ್ಯಾಸ. ಆ ದಿನ ಮಾತ್ರ ಖಂಡಿತ ಎಂಬ ಪದ ನಾಲಿಗೆಯ ತುದಿಯಲ್ಲೇ ಕೂತಿತ್ತು. ಹೊರಡುವಾಗ ನಾಲ್ಕು ಪ್ಲೇಟು, ಒಣಗಿಸಿದ ಬ್ಯಾಕ್ಟೀರಿಯಾದ ಕಾಗದ, ಎಳೆಯುವ ಕಡ್ಡಿಗಳು ಇರುವ ಒಂದು ಪೆಟ್ಟಿಗೆಯನ್ನು ಶಾಲೆಗೆ ಬಿಟ್ಟು ಬಂದರು. ಅದು ಮೊದಲ ಪೆಟ್ಟಿಗೆ. ಕೈಪಿಡಿ ಅಚ್ಚಾದರೆ ಅಂಥವೇ ಅರವತ್ತು ಪೆಟ್ಟಿಗೆ ಅರವತ್ತು ಶಾಲೆಗೆ ಹೋಗುತ್ತವೆ.

ಸಭೆ ಇನ್ನೊಂದು ಕಾಲೇಜಿನಲ್ಲಿ. ಅವರದು ದೊಡ್ಡ ಕಟ್ಟಡ, ಮೆಟ್ಟಿಲಿಗೆ ನುಣುಪು ಕಲ್ಲು, ಬಾಗಿಲು ತಳ್ಳಿದರೆ ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಅವಳು ಪ್ರತಿ ಸಲವೂ ಅದನ್ನು ಹಿಂದೆ ಹಿಡಿದು ಮುಚ್ಚಲು ಹೋಗಿ, ಅದು ತಾನೇ ಮುಚ್ಚಿಕೊಳ್ಳುತ್ತದೆಂದು ನೆನಪಾಗಿ, ಯಾರಾದರೂ ನೋಡಿದರೇ ಎಂದು ತಿರುಗುತ್ತಿದ್ದಳು. ಉದ್ದ ಮೇಜಿನ ಒಂದು ಬದಿಗೆ ಇವರ ತಂಡ, ಎದುರಿಗೆ ಅವರ ತಂಡ, ತುದಿಯಲ್ಲಿ ಇವರ ಕಾಲೇಜಿನ ಮೇಡಂ. ಅವರ ತಂಡದ ನಾಯಕನಿಗೆ ಪ್ರೂಫ್ ಎಂದು ಹೆಸರು. ಅಚ್ಚಿನ ತಪ್ಪು ಹುಡುಕುವುದರಿಂದ ಬಂದದ್ದೋ, ಪ್ರತಿ ವಾಕ್ಯಕ್ಕೂ ಪ್ರೂಫ್ ಏನು ಎಂದು ಕೇಳುವುದರಿಂದ ಬಂದದ್ದೋ ಯಾರಿಗೂ ಗೊತ್ತಿಲ್ಲ. ಸಣಕಲು ಮೈ, ಗುಂಡಿಯೆಲ್ಲ ಕುತ್ತಿಗೆವರೆಗೆ ಹಾಕಿದ ಅಂಗಿ. ಬ್ಯಾಕ್ಟೀರಿಯಾ ಬೇಗ ಬೆಳೆಯಲೆಂದು ಪೆಟ್ಟಿಗೆಯ ಪ್ಲೇಟಿನ ಮಿಶ್ರಣಕ್ಕೆ ಒಂದಿಷ್ಟು ಗ್ಲೂಕೋಸ್ ಸೇರಿಸಿದ್ದು ಅವನು. ಅದನ್ನು ಪರೀಕ್ಷಿಸಿ ದಾಖಲಿಸುವ ಕೆಲಸ ಇವರ ಪಾಲಿಗೆ ಬಂದಿತ್ತು.

“ಒಂದು ಒಳ್ಳೆ ಸುದ್ದಿ,” ಅಂದ ಪ್ರೂಫ್. “ನಾವು ಮೊದಲ ಪೆಟ್ಟಿಗೆ ಕೊಟ್ಟ ಶಾಲೆಯ ಮೇಷ್ಟ್ರು ನಿನ್ನೆ ಒಂದು ನೋಟ್‌ಬುಕ್ ಕಳಿಸಿದ್ದಾರೆ. ಎರಡನೇ ಬೆಂಚಿನ ಒಬ್ಬ ಹುಡುಗಿ ನಾಲ್ಕು ಸಲ ಪ್ರಯೋಗ ಮಾಡಿದಾಳಂತೆ. ನಾನು ಮೊದಲ ಪುಟ ಮಾತ್ರ ನೋಡಿದೆ. ಅಕ್ಷರ ಮುತ್ತಿನ ಹಾಗಿದೆ.”

“ಹಿಂಬದಿ ಪುಟಕ್ಕೆ ಹಾಕೋಣ,” ಅಂದ ಕ್ಯಾಪ್ಟನ್. “ಮಕ್ಕಳ ಉತ್ಸಾಹ ಅಂತ. ಸ್ಪರ್ಧೆಯ ತೀರ್ಪುಗಾರರಿಗೆ ಇಂಥದ್ದು ಹಿಡಿಸುತ್ತೆ.”

ನೋಟ್‌ಬುಕ್ ಕೈಯಿಂದ ಕೈಗೆ ಬಂತು. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿತ್ತು. ಎಲ್ಲರೂ ಮೊದಲ ಪುಟ ನೋಡಿ, ನಕ್ಕು, ಮುಂದಕ್ಕೆ ಕೊಟ್ಟರು. ಮೊದಲ ಪುಟದಲ್ಲಿ ಪ್ಲೇಟಿನ ಚಿತ್ರ, ಅದಕ್ಕೆ ಸ್ಕೇಲಿನಿಂದ ಎಳೆದ ಬಾಣಗಳು, ಉದ್ದೇಶ, ಬೇಕಾಗುವ ಸಾಮಾನು. ಅವಳು ಎರಡನೇ ಪುಟ ತಿರುಗಿಸಿದಳು. ಮೊದಲನೇ ಸಲ: ಬಿಳಿ. ನಾನು ಕೈ ಸರಿಯಾಗಿ ತೊಳೆದಿರಲಿಲ್ಲವೇನೋ. ಎರಡನೇ ಸಲ: ಕೈಯನ್ನು ಎರಡು ಸಲ ತೊಳೆದೆ. ಬಿಳಿ. ಜೋರಾಗಿ ಒತ್ತಿ ಎಳೆದೆನೇನೋ. ಮೂರನೇ ಸಲ: ಮೆಲ್ಲಗೆ ಎಳೆದೆ. ಬಿಳಿ. ಮೇಷ್ಟ್ರು ಸಾಕು ಬಿಡು ಅಂದರು. ನಾಲ್ಕನೇ ಸಲ: ಎರಡು ದಿನಕ್ಕೆ ಬಿಳಿ. ಬ್ಲೀಚ್ ನೀರಿಗೆ ಹಾಕಿ ಬಿಸಾಡಬೇಕಿತ್ತು, ರಜೆ ಬಂದದ್ದರಿಂದ ಬಾಕಿಯಾಯಿತು. ಅದರ ಕೆಳಗೆ ಒಂದು ಸಾಲನ್ನು ಸ್ಕೇಲಿಟ್ಟು ಎರಡು ಗೆರೆ ಎಳೆದು ಹೊಡೆದುಹಾಕಿತ್ತು. ಹಾಗಿದ್ದರೂ ಓದಲು ಬರುತ್ತಿತ್ತು: ಆರನೇ ದಿನ ಅಂಚಿನಲ್ಲಿ ಸ್ವಲ್ಪ ಗುಲಾಬಿ ಬಣ್ಣ. ಆಮೇಲೆ, ಬೇರೆ ಶಾಯಿಯಲ್ಲಿ: ಫೋಟೋದಲ್ಲಿರುವ ಕೆಂಪು ಇದಲ್ಲ. ನನ್ನ ಕಣ್ಣಿನ ತಪ್ಪು. ನನಗೆ ವಿಜ್ಞಾನ ಬರುವುದಿಲ್ಲ ಅಂತ ಕಾಣುತ್ತದೆ.

ಅವಳು ಆ ಪುಟವನ್ನು ಮತ್ತೆ ಓದಲಿಲ್ಲ. ಓದಬೇಕಾಗಿರಲಿಲ್ಲ. ಯಾರೋ ಕೈಪಿಡಿಯ ಹದಿನೇಳನೆಯ ಪುಟದ ಒಂದು ವಾಕ್ಯ ಉದ್ದವಾಯಿತೆನ್ನುತ್ತಿದ್ದರು. ಪ್ರೂಫ್ ಪೆನ್ಸಿಲಿನಿಂದ ಏನನ್ನೋ ತಿದ್ದುತ್ತಿದ್ದ. ಅವಳಿಗೆ ಸಣ್ಣವಳಿದ್ದಾಗ ಗಣಿತದ ಟೀಚರು ಉತ್ತರ ಸರಿಯಿದ್ದ ಲೆಕ್ಕವನ್ನೇ ತಪ್ಪು ಎಂದು ತಳ್ಳಿದ್ದು, ತಾನು ಅದನ್ನು ರಬ್ಬರಿನಿಂದ ಒರೆಸಿ ಟೀಚರಿನ ತಪ್ಪು ಉತ್ತರವನ್ನು ಬರೆದುಕೊಂಡದ್ದು ನೆನಪಾಯಿತು. ಮನೆಗೆ ಬಂದು ಅಳದೆ ಕೂತದ್ದು, ಅಮ್ಮ ಏನಾಯ್ತೇ ಎಂದು ಹಣೆ ಮುಟ್ಟಿ ನೋಡಿದ್ದು. ಆ ಟೀಚರಿನ ಹೆಸರನ್ನು ಈಗಲೂ ಬಾಯಲ್ಲಿ ಆಡುವುದಿಲ್ಲ. ಈ ಹುಡುಗಿ ರಬ್ಬರನ್ನೂ ಬಳಸಿರಲಿಲ್ಲ. ಕಂಡದ್ದನ್ನು ಬರೆದಳು, ಅವಳಿಗೆ ಕಂಡದ್ದಕ್ಕಿಂತ ನನ್ನ ಫೋಟೋ ದೊಡ್ಡದಾಯಿತು, ಹೊಡೆದಳು. ಅವಳ ಕೈ ಹಿಡಿದು ಆ ಗೆರೆ ಎಳೆಸಿದ್ದು ನಾನು. ಇಷ್ಟು ತಿಂಗಳು ಅವಳು ಹೆದರಿದ್ದು ಸಿಕ್ಕಿಬೀಳುವುದಕ್ಕೆ. ಈಗ ಆ ಹೆದರಿಕೆ ಎಷ್ಟು ಸಣ್ಣದು, ಎಷ್ಟು ಸ್ವಂತದ್ದು ಎಂದು ನಾಚಿಕೆಯಾಯಿತು.

“ಮುಖಪುಟ ಅಚ್ಚಿಗೆ ಹೋಗಬಾರದು,” ಅಂದಳು.

ಎಲ್ಲರೂ ಅವಳತ್ತ ತಿರುಗಿದರು. ಅವಳು ಸಭೆಯಲ್ಲಿ ಮಾತಾಡುವವಳಲ್ಲ.

“ಯಾಕೆ, ಬಣ್ಣ ಸರಿ ಬಂದಿಲ್ವಾ?” ಅಂದ ಪ್ರೂಫ್.

“ಬಣ್ಣ ನಾನು ಬಳಿದದ್ದು. ಪ್ಲೇಟು ಬೆಳ್ಳಗಿತ್ತು. ಶಾಲೆಗೆ ಹೋಗೋ ದಿನ ಬೆಳಿಗ್ಗೆ ತಿಂಡಿ ಬಣ್ಣ ತಗೊಂಡು ಬ್ರಷ್ಷಿನಲ್ಲಿ ಬಳಿದೆ. ದಾಖಲೆ ಪುಸ್ತಕದಲ್ಲಿ ಕೆಂಪು ಅಂತ ಬರೆದೆ. ಅದೂ ಸುಳ್ಳು.”

ಯಾರೋ ನಗಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಕ್ಯಾಪ್ಟನ್ ಕುರ್ಚಿ ಹಿಂದಕ್ಕೆ ಸರಿಸಿದ. “ನನಗೆ ಇದು ಗೊತ್ತಿರಲಿಲ್ಲ,” ಅಂದ, ಮೇಡಂ ಕಡೆ ನೋಡುತ್ತ. “ಮೇಡಂ, ನಿಜವಾಗಲೂ ಗೊತ್ತಿರಲಿಲ್ಲ.” ಅವನು ಪ್ಲೇಟಿನ ಮೇಲೆ ಬಗ್ಗಿ ನಿಂತದ್ದು, ಮೂಗು ಅರಳಿದ್ದು, ನೆಟ್ಟಗಾದದ್ದು ಅವಳ ಕಣ್ಣ ಮುಂದೆ ಬಂತು. ಹೇಳಿದರೆ ಅರ್ಧ ಭಾರ ಇಳಿಯುತ್ತಿತ್ತು. ಅರ್ಧ ಭಾರ ಇಳಿಯುತ್ತದೆ ಎನ್ನುವುದಕ್ಕೇ ಹೇಳಲಿಲ್ಲ. ಅದು ಅವನದು, ಅವನೇ ಹೊತ್ತುಕೊಳ್ಳಲಿ. ನನ್ನದನ್ನು ಹಂಚಲು ಹೋದರೆ ಮತ್ತೆ ಬಣ್ಣ ಬಳಿದಂತೆ.

ಮೇಡಂ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. “ಫೋಟೋ ಎಷ್ಟು ಪ್ಲೇಟಿನದು?”

“ಒಂದೇ.”

“ಉಳಿದವು?”

“ಅವೂ ಬಿಳಿ. ಬಿಸಾಡಿದೆ.”

“ದಾಖಲೆಯಲ್ಲಿ ಬೇರೆ ಎಲ್ಲಿ ಸುಳ್ಳಿದೆ?”

“ಇನ್ನೆಲ್ಲೂ ಇಲ್ಲ ಮೇಡಂ.”

“ಇಲ್ಲ ಅಂತ ನೀನು ಹೇಳ್ತೀಯ,” ಅಂದರು ಮೇಡಂ. ಅಷ್ಟೇ. ಎರಡು ವರ್ಷ ಅವಳು ಬರೆದ ಪುಟಗಳೆಲ್ಲ ಆ ಒಂದು ಮಾತಿಗೆ ಉದುರಿ ನೆಲಕ್ಕೆ ಬಿದ್ದವು. ಇನ್ನು ಪ್ರತಿ ಪುಟವನ್ನೂ ಇನ್ನೊಬ್ಬರು ನೋಡಿ ಸಹಿ ಹಾಕಬೇಕು ಎಂದು ಮೇಡಂ ಕ್ಯಾಪ್ಟನ್‌ಗೆ ಹೇಳುತ್ತಿದ್ದರು, ಅವಳು ಅಲ್ಲಿಲ್ಲವೇನೋ ಎಂಬಂತೆ.

ಪ್ರೂಫ್ ಕೈ ಚಾಚಿ ಅವಳ ಮುಂದಿದ್ದ ನೋಟ್‌ಬುಕ್ ಎಳೆದುಕೊಂಡ. ಓದಿದ. ಹೊಡೆದುಹಾಕಿದ ಸಾಲಿನ ಮೇಲೆ ಬೆರಳಿಟ್ಟು ಅಲ್ಲೇ ನಿಲ್ಲಿಸಿದ. ಕುತ್ತಿಗೆಯ ಗುಂಡಿ ಬಿಚ್ಚಿದ.

“ಆರನೇ ದಿನ,” ಅಂದ. “ಅಂಚಿನಲ್ಲಿ. ಗ್ಲೂಕೋಸ್ ಮುಗಿದ ಮೇಲೆ.” ಮೇಡಂ ಕಡೆ ತಿರುಗಿದ. “ನಾನು ಸೇರಿಸಿದ ಗ್ಲೂಕೋಸ್ ಮೇಡಂ. ಅದಿರೋತನಕ ಬ್ಯಾಕ್ಟೀರಿಯಾ ಇನ್ನೊಂದು ಸಕ್ಕರೆ ಕಡೆ ತಿರುಗಿಯೂ ನೋಡಲ್ಲ. ತಟ್ಟೇಲಿ ಮಿಠಾಯಿ ಇರೋವಾಗ ಮಕ್ಕಳು ಊಟ ಮಾಡ್ತಾರಾ? ಸ್ವಿಚ್ಚು ಒತ್ತೋರೇ ಇಲ್ಲ. ಅದೆಲ್ಲ ತಿಂದು ಮುಗಿಸಿದ ಮೇಲೆ ಸ್ವಲ್ಪ ಗುಲಾಬಿ. ಎರಡನೇ ವರ್ಷದ ಪಾಠ ಇದು. ಪರೀಕ್ಷೇಲಿ ಬರೆದು ಪಾಸಾಗಿದ್ದೀನಿ.”

ಆಮೇಲೆ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. “ನೀವು ಬಿಳಿ ಅಂತ ಬರೆದಿದ್ರೆ ನಾನು ಅವತ್ತೇ ಹಿಡೀತಿದ್ದೆ.”

ಬೈಗುಳಕ್ಕೆ ಅವಳು ತಯಾರಾಗಿದ್ದಳು. ಇದು ಬೈಗುಳವಲ್ಲ. ಬರಿಯ ಲೆಕ್ಕ. ಒಬ್ಬನ ಪ್ರಾಮಾಣಿಕ ತಪ್ಪು ಒಂದು ದಿನದಲ್ಲಿ ಸರಿಹೋಗಬೇಕಾದದ್ದು, ಅವಳ ಅಂದವಾದ ಕೆಂಪಿನ ಕೆಳಗೆ ಮೂರು ತಿಂಗಳು ಬೆಚ್ಚಗೆ ಮಲಗಿತ್ತು. ಅರವತ್ತು ಶಾಲೆಗಳಲ್ಲಿ ಮಲಗಲು ಹೊರಟಿತ್ತು. ಅರವತ್ತು ಎರಡನೇ ಬೆಂಚುಗಳು.

“ಮೇಷ್ಟ್ರಿಗೆ ಒಂದು ಪತ್ರ ಬರೆಯೋಣ,” ಕ್ಯಾಪ್ಟನ್ ಹೇಳುತ್ತಿದ್ದ. “ತಾಂತ್ರಿಕ ಕಾರಣದಿಂದ ಬಣ್ಣ ಬಂದಿಲ್ಲ, ಹೊಸ ಪೆಟ್ಟಿಗೆ ಕಳಿಸ್ತೀವಿ ಅಂತ. ಅಷ್ಟು ಸಾಕು. ಬಣ್ಣ ಬಳಿದದ್ದು ಹೊರಗೆ ಹೋದ್ರೆ ಎರಡೂ ತಂಡದ ಮರ್ಯಾದೆ ಹೋಗುತ್ತೆ.”

“ನಾನು ಹೋಗ್ತೀನಿ,” ಅಂದಳು.

“ಎಲ್ಲಿಗೆ?”

“ಶಾಲೆಗೆ. ಇವತ್ತೇ. ಕೊನೇ ಪೀರಿಯಡ್ ವಿಜ್ಞಾನ, ಆ ದಿನ ವೇಳಾಪಟ್ಟಿ ನೋಡಿದ್ದು ನೆನಪಿದೆ.”

“ಹೋಗಿ ಏನಂತೀಯ? ನಲವತ್ತು ಮಕ್ಕಳ ಎದುರಿಗೆ?”

“ಇಲ್ಲಿ ಹೇಳಿದ್ದನ್ನೇ.”

“ಸ್ವಲ್ಪ ಯೋಚನೆ ಮಾಡು. ನಾಳೆ...”

“ಮೂರು ತಿಂಗಳು ಯೋಚನೆ ಮಾಡಿದ್ದೀನಿ,” ಅಂದಳು. ಆ ದನಿ ತನ್ನದೇ ಎಂದು ಅವಳಿಗೆ ಗುರುತಾಗಲಿಲ್ಲ; ಅಂಗಡಿಯವರು ಬಂದು ಆ ಅಕ್ಷರ ಸ್ವಲ್ಪ ವಾಲಿಸಿ ಬರೆದುಕೊಡಪ್ಪ ಎಂದಾಗ ಅಪ್ಪ ಇಲ್ಲ ಎನ್ನುವ ದನಿ ಅದು.

ಮೇಡಂ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. “ಹೋಗು. ಮೊದಲು ಮಾತು, ಆಮೇಲೆ ಪ್ಲೇಟು. ಪ್ಲೇಟು ತೋರಿಸಿ ಮಾತು ಮರೆಸಬೇಡ. ಅಚ್ಚಿನವರಿಗೆ ನಾನು ಫೋನ್ ಮಾಡ್ತೀನಿ.”

ಗ್ಲೂಕೋಸ್ ಇಲ್ಲದ ಹಳೆಯ ಮಿಶ್ರಣದ ಆರು ಪ್ಲೇಟುಗಳು ಪ್ರೂಫ್‌ನ ಲ್ಯಾಬಿನ ಫ್ರಿಜ್ಜಿನಲ್ಲಿದ್ದವು. ಅವನು ಅವನ್ನು ಬ್ಯಾಕ್ಟೀರಿಯಾದ ಕಾಗದ, ಕಡ್ಡಿಗಳ ಜೊತೆ ಡಬ್ಬಿಗೆ ಜೋಡಿಸಿ, ಅಂಗಿಯ ಕೈ ಇಳಿಬಿಟ್ಟು ಗುಂಡಿ ಹಾಕಿಕೊಂಡು, “ನಾನೂ ಬರ್ತೀನಿ. ಸಕ್ಕರೆ ನಂದು,” ಅಂದ. ಬೇಡವೆನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ನಡುವೆ ಡಬ್ಬಿ. ಎರಡು ನಿಲ್ದಾಣ ದಾಟಿದ ಮೇಲೆ, “ಬಳೀಬೇಕಾದ್ರೆ ಏನನ್ನಿಸ್ತು?” ಎಂದು ಕೇಳಿದ. ಹೀಯಾಳಿಸುವ ಪ್ರಶ್ನೆಯಲ್ಲ, ಯಾವುದೋ ಪ್ರಯೋಗದ ತಾಪಮಾನ ಕೇಳಿದಂತೆ.

“ಚೆನ್ನಾಗಿ ಬರ್ತಿದೆ ಅನ್ನಿಸ್ತು,” ಅಂದಳು.

ಅವನು ತಲೆಯಾಡಿಸಿದ. “ನನಗೆ ಪ್ರತಿ ಸಲ ಯಾರಾದ್ರೂ ‘ಪ್ರೂಫ್ ಇದ್ದಾನಲ್ಲ, ಸರಿಯಾಗೇ ಇರುತ್ತೆ’ ಅಂದಾಗ ಹಾಗೇ ಅನ್ನಿಸೋದು. ಅದಕ್ಕೇ ಗ್ಲೂಕೋಸ್ ಹಾಕಿ ನಾನೇ ಒಂದು ಪ್ಲೇಟು ಬೆಳೆಸಿ ನೋಡಲಿಲ್ಲ.” ಆಮೇಲೆ ಡಬ್ಬಿಯನ್ನು ತೊಡೆಯ ಮೇಲಕ್ಕೆ ಎತ್ತಿಕೊಂಡ, ತಿರುವಿನಲ್ಲಿ ಅಲ್ಲಾಡದ ಹಾಗೆ. ಅವಳು ಕಿಟಕಿಯಾಚೆ ನೋಡಿದಳು: ಸೈಕಲ್ ರಿಪೇರಿ ಅಂಗಡಿ, ಒಣಹಾಕಿದ ಹಾಸಿಗೆ, ಗೋಡೆಗೆ ಏಣಿ ಚಾಚಿ ಯಾರೋ ಸುಣ್ಣ ಹೊಡೆಯುತ್ತಿದ್ದರು. ಹೆದರಿಕೆ ಇತ್ತು, ಅದು ಹೋಗಲಿ ಎಂದು ಅವಳು ಕಾಯಲಿಲ್ಲ. ಅದನ್ನೂ ಜೊತೆಗೆ ಕರೆದುಕೊಂಡು ಇಳಿದಳು.

ಮೇಷ್ಟ್ರು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡರು. ಸೀಮೆಸುಣ್ಣದ ಕೈ ಪ್ಯಾಂಟಿಗೆ ಒರೆಸುತ್ತ ನಿಂತಿದ್ದವರು ಕೊನೆಗೆ, “ನಾನು ಆ ಹುಡುಗಿಗೆ ನಿನ್ನಿಂದಾಗಲ್ಲ ಬಿಡು ಅಂದ್ಬಿಟ್ಟೆನಲ್ಲಮ್ಮ,” ಅಂದರು. ಆಮೇಲೆ ದಾರಿ ಬಿಟ್ಟರು. ತರಗತಿ ಎದ್ದು ನಿಂತು ನಮಸ್ತೆ ಅಕ್ಕ ಎಂದು ಎಳೆದು ಹೇಳಿತು. ಕೂರಿ ಎನ್ನಬೇಕೆಂದು ಅವಳಿಗೆ ಹೊಳೆಯದೆ, ನಲವತ್ತು ಮಕ್ಕಳು ನಿಂತೇ ಇದ್ದಾಗಲೇ ಮಾತು ಶುರುಮಾಡಿಬಿಟ್ಟಳು.

“ನಾನು ಹೋದ ಸಲ ಬಂದಾಗ ಒಂದು ಕೆಂಪು ಎಲೆ ತೋರಿಸಿದ್ದೆ. ಅದು ಬೆಳೆದು ಕೆಂಪಾದದ್ದಲ್ಲ. ಬೆಳ್ಳಗಿತ್ತು. ನಾನು ಬಣ್ಣ ಹಚ್ಚಿದ್ದೆ. ನಿಮಗೆ ಸುಳ್ಳು ತೋರಿಸಿದೆ.”

ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಹಿಂದಿನ ಸಾಲಿನಿಂದ ಒಬ್ಬ, “ಅಕ್ಕ, ನೀವು ಸುಳ್ಳು ಹೇಳಿದ್ರಾ?” ಅಂದ, ನಂಬದೆ, ಅರ್ಧ ನಗುತ್ತ.

“ಹೂಂ. ಹೇಳಿದೆ.”

“ಯಾಕೆ?”

ಅದಕ್ಕೆ ಬಸ್ಸಿನಲ್ಲಿ ಉತ್ತರ ಜೋಡಿಸಿಕೊಂಡಿರಲಿಲ್ಲ. “ಬಿಳಿ ಪ್ಲೇಟು ತಗೊಂಡು ಬರೋಕೆ ನಾಚಿಕೆಯಾಯ್ತು,” ಅಂದಳು. ಯಾರೂ ನಗಲಿಲ್ಲ. ಆಮೇಲೆ ಪ್ರೂಫ್ ಮುಂದೆ ಬಂದು ಗ್ಲೂಕೋಸಿನ ವಿಷಯ ಹೇಳಿದ, ತಪ್ಪು ತನ್ನದೆಂದು ಹೇಳಿದ, ಹಲಗೆಯ ಮೇಲೆ ಎರಡು ಸಕ್ಕರೆಗಳ ಚಿತ್ರ ಬರೆದ. ಅವನು ಹಲಗೆಯ ಮೇಲೆ ಬರೆಯುವುದರಲ್ಲಿ ದಡ್ಡ. ಗ್ಲೂಕೋಸ್ ಆಮೆಯ ಹಾಗೆ ಕಂಡಿತು, ಅದಕ್ಕೆ ಮಾತ್ರ ಎರಡು ಮೂರು ಮಕ್ಕಳು ಕಿಸಕ್ಕೆಂದರು. ಎರಡನೇ ಬೆಂಚಿನ ಹುಡುಗಿ ಹಲಗೆ ನೋಡುತ್ತಿರಲಿಲ್ಲ. ಇವಳನ್ನೇ ನೋಡುತ್ತಿದ್ದಳು.

ಇವಳು ಚೀಲದಿಂದ ನೋಟ್‌ಬುಕ್ ತೆಗೆದು ಅವಳ ಬಳಿ ಹೋಗಿ ಡೆಸ್ಕಿನ ಮೇಲಿಟ್ಟಳು. ಹುಡುಗಿ ನೇರವಾಗಿ ಆ ಪುಟಕ್ಕೆ ತಿರುಗಿಸಿದಳು, ಹುಡುಕಬೇಕಾಗಲಿಲ್ಲ.

“ಹಾಗಾದ್ರೆ ಗುಲಾಬಿ ಇತ್ತಾ?”

“ಇತ್ತು. ನೀನು ನೋಡಿದ್ದು ಸರಿ. ನಮ್ಮಲ್ಲಿ ಯಾರೂ ನೋಡದೇ ಇದ್ದದ್ದನ್ನ ನೀನು ನೋಡಿದೆ. ನೀನು ಬರೆದದ್ದರಿಂದಲೇ ತಪ್ಪು ಎಲ್ಲಿದೆ ಅಂತ ನಮಗೆ ಸಿಕ್ಕಿದ್ದು.”

“ನಾನು ಹೊಡೆದುಹಾಕಿದ್ದೀನಲ್ಲ.”

“ಓದೋಕೆ ಬರೋ ಹಾಗೆ ಹೊಡೆದಿದ್ದೀಯ.”

ಈ ಮಾತಿನಿಂದ ಹುಡುಗಿಗೆ ಸಮಾಧಾನವಾದೀತೆಂದು ಇವಳು ಎಣಿಸಿದ್ದಳು. ಆಗಲಿಲ್ಲ. ಹುಡುಗಿಯ ತುಟಿ ಬಿಗಿಯಾಯಿತು, ಕಿವಿ ಕೆಂಪಾಯಿತು, ಅಳುವಲ್ಲ, ಸಿಟ್ಟು. ದೊಡ್ಡವರ ಮೇಲೆ ಸಿಟ್ಟು ಮಾಡಿಕೊಳ್ಳಲು ಇನ್ನೂ ಅಭ್ಯಾಸವಿಲ್ಲದವಳ ಸಿಟ್ಟು, ಎಲ್ಲಿಡಬೇಕೆಂದು ತಿಳಿಯದೆ ಮುಖದ ಮೇಲೆಲ್ಲ ಓಡಾಡುತ್ತಿತ್ತು. “ನಾನು ನಾಲ್ಕು ಸಲ ಮಾಡಿದೆ,” ಅಂದಳು. “ಕೈ ಉರಿಯೋ ತನಕ ತೊಳೆದೆ. ಎಲ್ಲರೂ ನಗ್ತಿದ್ರು.” ಇವಳು ಕ್ಷಮಿಸು ಎನ್ನಲು ಹೊರಟಳು, ಆದರೆ ಎಲ್ಲರೆದುರಿಗೆ ಆ ಮಾತು ಆಡಿದರೆ ಮಗು ಪರವಾಗಿಲ್ಲ ಅಕ್ಕ ಎನ್ನಬೇಕಾಗುತ್ತದೆ, ಒಳಗೆ ಪರವಾಗಿಲ್ಲದಿದ್ದರೂ ಎನ್ನಬೇಕಾಗುತ್ತದೆ ಎಂದು ಹೊಳೆದು ಸುಮ್ಮನಾದಳು. ಸುಮ್ಮನೆ ನಿಂತು ಆ ಸಿಟ್ಟನ್ನು ಪೂರಾ ನೋಡಿದಳು, ಕಣ್ಣು ತಪ್ಪಿಸಲಿಲ್ಲ.

“ಈಗ ಹೇಳ್ತಿರೋದು ನಿಜ ಅಂತ ನಾವು ಹೇಗೆ ನಂಬೋದು?” ಅಂದಳು ಹುಡುಗಿ.

ಮೇಷ್ಟ್ರು, “ಏಯ್,” ಅಂದರು ಮೆಲ್ಲಗೆ.

“ಬೈಬೇಡಿ ಸರ್, ಸರಿಯಾಗೇ ಕೇಳಿದಾಳೆ,” ಅಂದಳು ಇವಳು. ಹುಡುಗಿಗೆ ಹೇಳಿದಳು: “ನಂಬಬೇಡ. ಹೊಸ ಪ್ಲೇಟು ತಂದಿದ್ದೀವಿ. ಮಾಡಿ ನೋಡು.”

ಪ್ರೂಫ್ ಡಬ್ಬಿ ತೆರೆದ. ಬೆಂಚುಗಳನ್ನು ಸರಿಸಿ ಮೇಜಿನ ಸುತ್ತ ಮಕ್ಕಳು ನೆರೆದರು. ಇವಳು ಅಭ್ಯಾಸಬಲದಿಂದ ಕೈಗವಸು ಹಾಕಿಕೊಂಡು ಕಡ್ಡಿಯ ಪೊಟ್ಟಣ ಒಡೆಯಲು ಹೋದಾಗ ಹುಡುಗಿ ನಡುವೆ ಬಂದು ನಿಂತಳು.

“ನೀವು ಮುಟ್ಟಬೇಡಿ ಅಕ್ಕ. ನಾವೇ ಮಾಡ್ತೀವಿ.”

ಕೆನ್ನೆಗೆ ಹೊಡೆದ ಹಾಗಾಯಿತು, ಮರುಕ್ಷಣವೇ ಇದಕ್ಕಾಗಿಯೇ ಬಂದದ್ದು ಎನ್ನಿಸಿತು. ಕೈಗವಸು ಕಳಚಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು. ಪ್ರೂಫ್ ಕೂಡ ಇವಳನ್ನು ನೋಡಿ ಹಾಗೇ ನಿಂತ. ಹುಡುಗಿ ಕೈ ತೊಳೆದು ಬಂದಳು. ಮೊನ್ನೆ ಮೊನ್ನೆಯವರೆಗೆ ನಕ್ಕವರಿಬ್ಬರನ್ನು ಕರೆದು ಒಬ್ಬನಿಗೆ ಮುಚ್ಚಳ, ಒಬ್ಬಳಿಗೆ ಪ್ಲೇಟಿಗೆ ಗುರುತು ಹಾಕುವ ಪೆನ್ನು ಕೊಟ್ಟಳು. ಕಡ್ಡಿಯನ್ನು ಪ್ಲೇಟಿನೊಳಗಿನ ಮಿಶ್ರಣದ ಮೇಲೆ ಅಡ್ಡಡ್ಡ ಎಳೆದಳು, ಜೋರೂ ಅಲ್ಲ, ಮೆಲ್ಲಗೂ ಅಲ್ಲ. ಮೂರು ಪ್ಲೇಟು ಗ್ಲೂಕೋಸ್ ಇಲ್ಲದ್ದು. ಡಬ್ಬಿಯಲ್ಲಿ ಗ್ಲೂಕೋಸ್ ಇರುವ ಪ್ಲೇಟೇನಾದರೂ ಇದೆಯೇ ಎಂದು ಅವಳೇ ಕೇಳಿದಳು, ಹೋಲಿಸಿ ನೋಡಲು. ಪ್ರೂಫ್ ತಂದಿರಲಿಲ್ಲ. “ನಾಳೆ ತರ್ತೀನಿ,” ಅಂದ, ಕುತ್ತಿಗೆಯವರೆಗೂ ಕೆಂಪಾಗಿ. ಹುಡುಗಿ ಅದನ್ನೂ ಬರೆದುಕೊಂಡಳು.

“ಎಷ್ಟು ದಿನಕ್ಕೆ ಬಣ್ಣ ಬರುತ್ತೆ?”

“ಎರಡು ದಿನ ಅಂತ ಅಂದ್ಕೊಂಡಿದ್ದೀವಿ,” ಅಂದಳು ಇವಳು. “ಇಲ್ಲಿನ ಕೋಣೆ ಸ್ವಲ್ಪ ತಣ್ಣಗಿದೆ. ಮೂರು ಆಗಬಹುದು. ಎಷ್ಟು ಗಾಢ ಬರುತ್ತೆ ಗೊತ್ತಿಲ್ಲ. ಬರದೇನೂ ಇರಬಹುದು.”

ಹುಡುಗಿ ಪೆನ್ನು ಎತ್ತಿ ಇವಳ ಮು­ಖವನ್ನು ಒಂದು ಸಲ ನೋಡಿದಳು, ಗೊತ್ತಿಲ್ಲ ಎಂದು ಬರೆದಳು. ಗಂಟೆ ಹೊಡೆಯಿತು. ಯಾರೂ ಚೀಲ ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಪ್ಲೇಟುಗಳನ್ನು ತಲೆಕೆಳಗಾಗಿ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಳ್ಳಲು ಹೋಗಿ, ನಿಲ್ಲಿಸಿ, ಹುಡುಗಿಯ ಕೈಗೆ ಕೊಟ್ಟರು.

“ನಾನು ಮೂರು ದಿನವೂ ಬರಲಾ?” ಇವಳು ಕೇಳಿದಳು. ಮೇಷ್ಟ್ರನ್ನಲ್ಲ.

ಹುಡುಗಿ ಯೋಚಿಸಿದಳು. ಹಾಗೆ ಯೋಚಿಸಲು ಅವಳಿಗೆ ಹಕ್ಕಿತ್ತು, ಇವಳು ಕಾದಳು.

“ಬನ್ನಿ,” ಅಂದಳು ಹುಡುಗಿ. “ಆದ್ರೆ ನಾವು ನೋಡಿ, ಬರೆದು ಮುಗಿಸಿದ ಮೇಲೆ ನೀವು ನೋಡಬೇಕು.”

“ಆಗಲಿ,” ಅಂದಳು.